ಗೋಲಿನ ಪಟ್ಟಿಯಲ್ಲಿ ಪಕ್ಕದ ಮನೆ, ಫಾಲೋವರ್ಸ್‌ನಲ್ಲಿ ನೂರು ಹರದಾರಿ

2018ರ ಜೂನ್ 1. ಮುಂಬೈನ ಅಂಧೇರಿ ಕ್ರೀಡಾಂಗಣದಲ್ಲಿ ಭಾರತ ಫುಟ್‌ಬಾಲ್ ತಂಡ ಚೈನೀಸ್ ತೈಪೆಯನ್ನು 5–0 ಗೋಲುಗಳಿಂದ ಬಗ್ಗುಬಡಿಯಿತು. ಐದರಲ್ಲಿ ಮೂರು ನಾಯಕ ಸುನಿಲ್ ಛೆಟ್ರಿಯವು. ಹ್ಯಾಟ್ರಿಕ್ ಹೊಡೆದವರು ಗ್ಯಾಲರಿಯತ್ತ ಕೈಬೀಸಬೇಕೆಂದರೆ ಅಲ್ಲಿ ಜನ ಇರಬೇಕಲ್ಲ! ಅಂದು ಬಂದಿದ್ದವರು 2,569 ಮಂದಿ. ಸಂಜೆಯ ದಟ್ಟಣೆಯಲ್ಲಿ ಅಂಧೇರಿ ನಿಲ್ದಾಣಕ್ಕೆ ಬರುವ ಒಂದೇ ಒಂದು ಲೋಕಲ್ ರೈಲಿನಲ್ಲಿ ಅದಕ್ಕಿಂತ ಹೆಚ್ಚು ಜನ ನೇತಾಡುತ್ತಿರುತ್ತಾರೆ.

ಮರುದಿನ ಛೆಟ್ರಿ ಟ್ವಿಟರ್‌ನಲ್ಲಿ ಒಂದು ಪುಟ್ಟ ವಿಡಿಯೊ ಹಾಕಿದರು. ಹಿನ್ನೆಲೆ ಸಂಗೀತವಿಲ್ಲ, ಥಳುಕಿಲ್ಲ. ಯುರೋಪಿನ ಕ್ಲಬ್‌ಗಳಿಗೆ ಜೀವ ಬಿಡುವವರೇ, ನಮ್ಮ ಆಟ ಆ ಮಟ್ಟದಲ್ಲಿಲ್ಲ, ಒಪ್ಪಿದೆ. ಆದರೂ ನಿಮ್ಮ ಸಮಯ ದಂಡವಾಗಲು ಬಿಡುವುದಿಲ್ಲ ಎಂದರು. ಇಂಟರ್‌ನೆಟ್‌ನಲ್ಲಿ ಕೂತು ಬೈಯುವುದರಲ್ಲಿ ಮಜಾ ಇಲ್ಲ, ಕ್ರೀಡಾಂಗಣಕ್ಕೇ ಬನ್ನಿ, ಎದುರಿಗೇ ನಿಂತು ಕೂಗಿ, ಬೈಯಿರಿ, ಯಾರಿಗೆ ಗೊತ್ತು, ಒಂದು ದಿನ ನಿಮ್ಮ ಮನಸ್ಸು ಬದಲಾದರೂ ಬದಲಾದೀತು ಎಂದು ಕೈಮುಗಿದು ಕರೆಯುವ ಧಾಟಿಯಲ್ಲಿ ಕರೆದರು. ವಿರಾಟ್ ಕೊಹ್ಲಿ ಅದನ್ನು ಹಂಚಿಕೊಂಡರು, ಸಚಿನ್ ತೆಂಡೂಲ್ಕರ್ ದನಿಗೂಡಿಸಿದರು. ಆ ವರ್ಷ ಭಾರತದಲ್ಲಿ ಅತಿ ಹೆಚ್ಚು ರೀಟ್ವೀಟ್ ಆದದ್ದು ಸಿನಿಮಾದವರ ಮಾತೂ ಅಲ್ಲ, ರಾಜಕಾರಣಿಯ ಮಾತೂ ಅಲ್ಲ, ಈ ಅಹವಾಲು.

ಜೂನ್ 4ರಂದು ಕೆನ್ಯಾ ವಿರುದ್ಧದ ಪಂದ್ಯಕ್ಕೆ ಟಿಕೆಟ್ಟೆಲ್ಲ ಖಾಲಿ. ಅದು ಛೆಟ್ರಿಯವರ ನೂರನೇ ಅಂತರರಾಷ್ಟ್ರೀಯ ಪಂದ್ಯ. ಅದಕ್ಕೆ ಮೊದಲು ಆ ಗೆರೆ ಮುಟ್ಟಿದ್ದ ಭಾರತೀಯ ಭೈಚುಂಗ್ ಭುಟಿಯಾ ಒಬ್ಬರೇ. ಆ ಸಂಜೆ ಮಳೆ ಧೋ ಎಂದು ಸುರಿಯಿತು. ಚೆಂಡು ಉರುಳಬೇಕಾದ ಕಡೆ ನೀರಿನಲ್ಲಿ ಸಿಕ್ಕಿ ನಿಲ್ಲುತ್ತಿತ್ತು. ಗ್ಯಾಲರಿಯಲ್ಲಿ ಕೊಡೆ ಬಿಚ್ಚುವಷ್ಟೂ ಜಾಗವಿಲ್ಲ. ಛೆಟ್ರಿ ಎರಡು ಗೋಲು ಹೊಡೆದರು, ಭಾರತ 3–0ಯಿಂದ ಗೆದ್ದಿತು. ಆರು ದಿನಗಳ ನಂತರ ಫೈನಲ್‌ನಲ್ಲಿ ಅದೇ ಕೆನ್ಯಾ ವಿರುದ್ಧ ಮತ್ತೆರಡು. ಅಲ್ಲಿಗೆ ಅವರ ಅಂತರರಾಷ್ಟ್ರೀಯ ಗೋಲುಗಳು 64 ಆದವು. ಅಂದಿಗೆ ಲಯೊನೆಲ್ ಮೆಸ್ಸಿಯ ಖಾತೆಯಲ್ಲಿದ್ದದ್ದೂ ಅಷ್ಟೇ.

ಈ 64 ಎಂಬ ಅಂಕಿಯಿಂದಲೇ ಒಂದು ವಿಚಿತ್ರ ನೆರೆಹೊರೆ ಶುರುವಾಯಿತು. ಆಡುತ್ತಲೇ ಇರುವ ಪುರುಷ ಆಟಗಾರರ ಪೈಕಿ ದೇಶಕ್ಕಾಗಿ ಅತಿ ಹೆಚ್ಚು ಗೋಲು ಹೊಡೆದವರ ಪಟ್ಟಿಯಲ್ಲಿ ಮೊದಲಿಗೆ ಕ್ರಿಸ್ಟಿಯಾನೊ ರೊನಾಲ್ಡೊ, ಆಮೇಲೆ ಮೆಸ್ಸಿ ಇಲ್ಲವೇ ಛೆಟ್ರಿ. 2021ರ ಜೂನ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಎರಡು ಗೋಲು ಹೊಡೆದಾಗ ಛೆಟ್ರಿ ಕೆಲವು ದಿನ ಮೆಸ್ಸಿಯನ್ನು ಹಿಂದೆ ಹಾಕಿದ್ದೂ ಉಂಟು. 2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಕುವೈತ್ ವಿರುದ್ಧ ವಿದಾಯದ ಪಂದ್ಯ ಆಡಿದಾಗ ಪಟ್ಟಿ ಹೀಗಿತ್ತು: ರೊನಾಲ್ಡೊ 128, ಮೆಸ್ಸಿ 106, ಛೆಟ್ರಿ 94. ಫಿಫಾ ಸಂಸ್ಥೆ 2022ರಲ್ಲೇ ಈ ಮೂವರನ್ನು ವಿಜಯವೇದಿಕೆಯ ಮೇಲೆ ನಿಲ್ಲಿಸಿದಂಥ ಚಿತ್ರ ಹಾಕಿ, ಮೊದಲಿಬ್ಬರ ಬಗ್ಗೆ ನಿಮಗೆ ಗೊತ್ತೇ ಇದೆ, ಇಗೋ ಮೂರನೆಯವರ ಕತೆ ಎಂದು ಛೆಟ್ರಿ ಕುರಿತು ಮೂರು ಕಂತಿನ ಸಾಕ್ಷ್ಯಚಿತ್ರ ಹೊರತಂದಿತ್ತು.

ವಯಸ್ಸಿನಲ್ಲೂ ಇವರು ಓರಗೆಯವರು. ಛೆಟ್ರಿ ಹುಟ್ಟಿದ್ದು 1984ರ ಆಗಸ್ಟ್‌ನಲ್ಲಿ ಸಿಕಂದರಾಬಾದಿನಲ್ಲಿ, ಸೈನಿಕನ ಮಗನಾಗಿ. ಆರು ತಿಂಗಳ ನಂತರ ಪೋರ್ಚುಗಲ್‌ಗೆ ಸೇರಿದ ಮಡೇರಾ ದ್ವೀಪದಲ್ಲಿ ರೊನಾಲ್ಡೊ. ಲಿಸ್ಬನ್‌ನ ಸ್ಪೋರ್ಟಿಂಗ್ ಕ್ಲಬ್ ಇಬ್ಬರ ಬದುಕಿನಲ್ಲೂ ಬರುತ್ತದೆ. ರೊನಾಲ್ಡೊ ಅಲ್ಲೇ ಬೆಳೆದು, 2003ರಲ್ಲಿ ಹದಿನೆಂಟು ತುಂಬಿದ ಹುಡುಗನಾಗಿ ಮ್ಯಾಂಚೆಸ್ಟರ್‌ಗೆ ಹಾರಿದರು. ಛೆಟ್ರಿ 2012ರಲ್ಲಿ ಅದೇ ಕ್ಲಬ್ಬಿನ ‘ಬಿ’ ತಂಡ ಸೇರಿ, ಬೆರಳೆಣಿಕೆಯ ಪಂದ್ಯ ಆಡಿ, ಮರುವರ್ಷ ಬೆಂಗಳೂರಿಗೆ ಬಂದರು. ಬಂದವರು, ಎರಡು ಋತುಗಳಿಗೆ ಎರವಲು ಹೋದದ್ದು ಬಿಟ್ಟರೆ, ಇಲ್ಲೇ ನಿಂತರು.

ಇನ್ನು ಎರಡನೇ ಪಟ್ಟಿ. ಇನ್‌ಸ್ಟಾಗ್ರಾಂನಲ್ಲಿ ರೊನಾಲ್ಡೊ ಫಾಲೋವರ್ಸ್ 65 ಕೋಟಿ ದಾಟಿದ್ದಾರೆ. ಮೆಸ್ಸಿಯದು 50 ಕೋಟಿಯ ಮೇಲೆ. ಛೆಟ್ರಿಯವರದನ್ನು ಇನ್ನೂ ಲಕ್ಷದಲ್ಲೇ ಎಣಿಸಬೇಕು. ಗೋಲಿನಲ್ಲಿ ಪಕ್ಕದ ಮನೆಯವರು ಇಲ್ಲಿ ಬೇರೆ ಖಂಡದವರಾಗಿಬಿಡುತ್ತಾರೆ.

ಗೋಲು ಗೋಲಿಗೂ ತೂಕದಲ್ಲಿ ವ್ಯತ್ಯಾಸವಿದೆ ಎನ್ನಬಹುದು. ನಿಜವೇ. ಛೆಟ್ರಿ ಗೋಲುಗಳಲ್ಲಿ ದೊಡ್ಡ ಪಾಲು ಮಾಲ್ಡೀವ್ಸ್, ನೇಪಾಳ, ಬಾಂಗ್ಲಾದೇಶಗಳಂಥ ತಂಡಗಳ ಎದುರು ಬಂದವು; ಅವರು ವಿಶ್ವಕಪ್ ಆಡಿದವರಲ್ಲ. ಅವರ ಹೆಸರನ್ನು ಮೆಸ್ಸಿ ಪಕ್ಕದಲ್ಲಿಟ್ಟಾಗೆಲ್ಲ ಕಮೆಂಟುಗಳಲ್ಲಿ ನಗೆಯಾಡುವವರಿಗೆ ಬರವಿರಲಿಲ್ಲ. ಸ್ವತಃ ಛೆಟ್ರಿಯೇ ಆ ಹೋಲಿಕೆಯನ್ನು ಪ್ರತಿ ಸಲ ನಯವಾಗಿ ಬದಿಗಿಟ್ಟಿದ್ದಾರೆ. ಆದರೆ ರೊನಾಲ್ಡೊ ಕೂಡ ಲಕ್ಸೆಂಬರ್ಗ್ ಎಂಬ ಪುಟಾಣಿ ದೇಶದ ಬಲೆಗೇ ಹತ್ತಕ್ಕಿಂತ ಹೆಚ್ಚು ಸಲ ಚೆಂಡು ನುಗ್ಗಿಸಿದ್ದಾರೆ ಎಂಬುದನ್ನು ಆ ನಗೆಗಾರರು ಮರೆಯುತ್ತಾರೆ. ಅದೇನೇ ಇರಲಿ, ಗೋಲಿನ ತೂಕವೊಂದರಿಂದಲೇ ಇಷ್ಟು ದೊಡ್ಡ ಕಂದಕ ಹುಟ್ಟುವುದಿಲ್ಲ. ಹಾಗಿದ್ದಿದ್ದರೆ ವಿಶ್ವಕಪ್ ಗೆದ್ದ ಮೆಸ್ಸಿ, ಗೆಲ್ಲದ ರೊನಾಲ್ಡೊಗಿಂತ ಮುಂದಿರಬೇಕಿತ್ತು.

ರೊನಾಲ್ಡೊ ಏರಿದ ಮೆಟ್ಟಿಲುಗಳನ್ನು ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ: ಅವರು ದಾಟಿದ್ದು ಫುಟ್‌ಬಾಲ್ ಆಟಗಾರರನ್ನಲ್ಲ. 2015ರ ಮಾರ್ಚ್‌ನಲ್ಲಿ ಫೇಸ್‌ಬುಕ್‌ನ ಮೊದಲ ಸ್ಥಾನಕ್ಕೆ ಬಂದಾಗ ಹಿಂದೆ ಬಿದ್ದವರು ಗಾಯಕಿ ಶಕೀರಾ. 2018ರ ಅಕ್ಟೋಬರ್‌ನಲ್ಲಿ ಇನ್‌ಸ್ಟಾಗ್ರಾಂನ ಮೊದಲ ಸ್ಥಾನ ಬಿಟ್ಟುಕೊಟ್ಟವರು ಇನ್ನೊಬ್ಬ ಗಾಯಕಿ, ಸೆಲೆನಾ ಗೋಮೆಜ್. 2020ರ ಜನವರಿಯಲ್ಲಿ 20 ಕೋಟಿ, 2022ರ ನವೆಂಬರ್‌ನಲ್ಲಿ 50 ಕೋಟಿ. ಎರಡನ್ನೂ ಮುಟ್ಟಿದ ಮೊದಲ ವ್ಯಕ್ತಿ ಅವರೇ. 2024ರ ಆಗಸ್ಟ್ 21ರಂದು ಯೂಟ್ಯೂಬ್ ಚಾನೆಲ್ ತೆರೆದರು. ಸುಮಾರು ಒಂದೂವರೆ ಗಂಟೆಯಲ್ಲಿ ಹತ್ತು ಲಕ್ಷ ಚಂದಾದಾರರು, ಒಂದು ವಾರದ ಹೊತ್ತಿಗೆ ಐದು ಕೋಟಿ. ಮರುತಿಂಗಳು, ಎಲ್ಲ ತಾಣಗಳನ್ನೂ ಕೂಡಿಸಿದರೆ ನೂರು ಕೋಟಿ ಆಯಿತೆಂದು ಅವರೇ ಘೋಷಿಸಿದರು. ಕೂಡಿಸುವ ಲೆಕ್ಕದಲ್ಲಿ ಒಂದು ತಮಾಷೆಯಿದೆ. ಊರ ಜಾತ್ರೆಯಲ್ಲಿ ತೇರಿನ ಮುಂದೆ ಕಂಡ ಮುಖವೇ ಬೆಂಡು-ಬತ್ತಾಸಿನ ಅಂಗಡಿ ಮುಂದೆಯೂ ಕಾಣುತ್ತದೆ, ತೊಟ್ಟಿಲು ತಿರುಗುವಲ್ಲಿಯೂ ಕಾಣುತ್ತದೆ. ಮೂರೂ ಕಡೆ ನಿಂತು ಎಣಿಸಿದವನಿಗೆ ಜಾತ್ರೆ ಮೂರು ಪಟ್ಟು ದೊಡ್ಡದಾಗುತ್ತದೆ. ನಕಲಿ ಖಾತೆಗಳ ಮಾತು ಬೇರೆ.

ಪೋರ್ಚುಗಲ್‌ನ ಜನಸಂಖ್ಯೆಯೇ ಒಂದು ಕೋಟಿ ಚಿಲ್ಲರೆ, ಬೆಂಗಳೂರಿಗಿಂತ ಕಡಿಮೆ. ಅಂದಮೇಲೆ ಈ ಜನಸಾಗರ ಎಲ್ಲಿಂದ ಬಂತು? ಮ್ಯಾಂಚೆಸ್ಟರ್, ಮ್ಯಾಡ್ರಿಡ್, ಟ್ಯೂರಿನ್, ರಿಯಾದ್ ಎಂದು ಊರೂರು ಸುತ್ತಿದ ರೊನಾಲ್ಡೊ ಪ್ರತಿ ಊರಿನಿಂದಲೂ ಒಂದೊಂದು ಅಭಿಮಾನಿ ಬಳಗವನ್ನು ಗಂಟುಕಟ್ಟಿಕೊಂಡು ಹೊರಟರು. ಮೆಸ್ಸಿ 2021ರವರೆಗೂ ಬಾರ್ಸಿಲೋನ ಬಿಟ್ಟು ಕದಲಲಿಲ್ಲ. ರೊನಾಲ್ಡೊ ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಮೆಸ್ಸಿಗೆ ಸ್ಪ್ಯಾನಿಷ್ ಸಾಕು, ಟ್ವಿಟರ್‌ನ ಗೊಡವೆಯೇ ಬೇಡ. ಅದಕ್ಕಿಂತ ಮುಖ್ಯವಾಗಿ, ರೊನಾಲ್ಡೊ ಪೋಸ್ಟ್‌ಗಳಲ್ಲಿ ಚೆಂಡು ಕಾಣದಿದ್ದರೂ ನಡೆಯುತ್ತದೆ. ಜಿಮ್, ಕಡೆದಿಟ್ಟಂಥ ಮೈಕಟ್ಟು, ಮಂಜಿನ ನೀರಿನ ತೊಟ್ಟಿ, ಕೈಗಡಿಯಾರ, ಮಕ್ಕಳು. ಆಫ್‌ಸೈಡ್ ಅಂದರೇನು ಎಂದು ತಿಳಿಯದವರೂ ನೋಡಬಹುದಾದ ಧಾರಾವಾಹಿ ಅದು.

ಆಟಕ್ಕೂ ಈ ಧಾರಾವಾಹಿಗೂ ಸಂಬಂಧ ಎಷ್ಟು ಸಡಿಲ ಎಂಬುದು 2022ರ ಕೊನೆಯ ಆರು ವಾರಗಳಲ್ಲಿ ಬಯಲಾಯಿತು. ಆ ನವೆಂಬರ್‌ನಲ್ಲಿ ರೊನಾಲ್ಡೊ ಟಿವಿ ಸಂದರ್ಶನವೊಂದರಲ್ಲಿ ತಮ್ಮದೇ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಮೇಲೆ, ತರಬೇತುದಾರರ ಮೇಲೆ ಹರಿಹಾಯ್ದರು. 22ರಂದು ಪರಸ್ಪರ ಒಪ್ಪಿಗೆಯ ಮೇಲೆ ಕ್ಲಬ್ಬಿನ ಒಪ್ಪಂದ ಕೊನೆಗೊಂಡಿತು. ಡಿಸೆಂಬರ್ 6ರಂದು ವಿಶ್ವಕಪ್‌ನ ನಾಕೌಟ್ ಪಂದ್ಯದಲ್ಲಿ ಪೋರ್ಚುಗಲ್ ತಂಡ ಅವರನ್ನು ಬೆಂಚಿನಲ್ಲಿ ಕೂರಿಸಿತು. ಬದಲಿಗೆ ಇಳಿದ ಗೊನ್ಸಾಲೊ ರಾಮೋಸ್ ಎಂಬ ಹುಡುಗ ಸ್ವಿಟ್ಜರ್ಲೆಂಡ್ ವಿರುದ್ಧ ಹ್ಯಾಟ್ರಿಕ್ ಹೊಡೆದ. ನಾಲ್ಕು ದಿನದ ಬಳಿಕ ಮೊರೊಕ್ಕೊ ಎದುರು ಸೋತು, ಕಣ್ಣೊರೆಸಿಕೊಳ್ಳುತ್ತಾ ಸುರಂಗದೊಳಗೆ ನಡೆದುಹೋದರು ರೊನಾಲ್ಡೊ. ಒಬ್ಬ ಆಟಗಾರನ ಮಾರುಕಟ್ಟೆ ಇದಕ್ಕಿಂತ ಕೆಳಗಿಳಿಯಲಾರದು. 50 ಕೋಟಿಯ ಗೆರೆ ದಾಟಿದ್ದು ಸರಿಯಾಗಿ ಇದೇ ದಿನಗಳಲ್ಲಿ!

ಆ ನವೆಂಬರ್‌ನಲ್ಲೇ ಇನ್ನೊಂದು ಚಿತ್ರ ಬಂತು. ಲೂಯಿ ವಿಟಾನ್ ಕಂಪನಿಯ ಪೆಟ್ಟಿಗೆಯೊಂದರ ಮೇಲೆ ಚದುರಂಗದ ಕಾಯಿಗಳು. ಆಚೆ ಮೆಸ್ಸಿ, ಈಚೆ ರೊನಾಲ್ಡೊ, ಇಬ್ಬರೂ ಗಹನವಾದ ಯೋಚನೆಯಲ್ಲಿ. ತೆಗೆದವರು ಹೆಸರಾಂತ ಛಾಯಾಗ್ರಾಹಕಿ ಆ್ಯನಿ ಲೀಬೊವಿಟ್ಸ್. ಇಬ್ಬರೂ ತಂತಮ್ಮ ಖಾತೆಯಲ್ಲಿ ಹಾಕಿದರು, ಲೋಕ ಬೆರಗಾಯಿತು. ವಾಸ್ತವದಲ್ಲಿ ಇಬ್ಬರೂ ಒಂದೇ ಮೇಜಿನ ಮುಂದೆ ಕೂತಿರಲಿಲ್ಲ. ಬೇರೆ ಬೇರೆ ತೆಗೆದು ಜೋಡಿಸಿದ್ದು. ಚದುರಂಗ ಬಲ್ಲವರು ಕಾಯಿಗಳ ಜಾಗ ನೋಡಿ, ಇದು 2017ರಲ್ಲಿ ಕಾರ್ಲ್‌ಸನ್ ಮತ್ತು ನಕಮುರಾ ಆಡಿದ ಆಟದ ಘಟ್ಟ ಎಂದು ಹಿಡಿದರು. ಆ ಆಟ ಡ್ರಾ ಆಗಿತ್ತು. ಲೈಕುಗಳಲ್ಲಿ ಮಾತ್ರ ಡ್ರಾ ಇಲ್ಲ: ಒಂದೇ ಚಿತ್ರವಾದರೂ ರೊನಾಲ್ಡೊ ಖಾತೆಯಲ್ಲಿದ್ದದ್ದಕ್ಕೆ ಹೆಚ್ಚು ಬಿದ್ದವು.

ಮೆಸ್ಸಿಯ ಸರದಿ ಬಂದದ್ದು ಡಿಸೆಂಬರ್ 18ರಂದು, ವಿಶ್ವಕಪ್ ಎತ್ತಿ ಹಿಡಿದ ಚಿತ್ರದೊಂದಿಗೆ. ಅದಕ್ಕೆ ಏಳೂವರೆ ಕೋಟಿ ಲೈಕ್ ಬಂದು ಇನ್‌ಸ್ಟಾಗ್ರಾಂನ ದಾಖಲೆಯಾಯಿತು. ಮುರಿದದ್ದು ಯಾರ ದಾಖಲೆ ಗೊತ್ತೇ? ಒಂದು ಕೋಳಿಮೊಟ್ಟೆಯದು. ಬಿಳಿ ಹಿನ್ನೆಲೆಯಲ್ಲಿ ಬರೀ ಮೊಟ್ಟೆ. 2019ರ ಜನವರಿಯಲ್ಲಿ ಯಾರೋ ತಮಾಷೆಗೆ ಹಾಕಿದ್ದ ಆ ಚಿತ್ರವನ್ನು ನಾಲ್ಕು ವರ್ಷ ಯಾರಿಗೂ ಸೋಲಿಸಲಾಗಿರಲಿಲ್ಲ. ಮನುಷ್ಯರ ಮನ್ನಣೆಯನ್ನು ಲೈಕಿನಲ್ಲಿ ಅಳೆಯಲು ಹೊರಟವರು ಈ ಮೊಟ್ಟೆಯನ್ನೂ ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಬೇಕು.

ಫಾಲೋವರ್ಸ್ ಬಲವನ್ನು ಸಾಬೀತು ಮಾಡಲು ಎಲ್ಲರೂ ಹೇಳುವ ಕತೆ ಕೋಕಾ-ಕೋಲಾದ್ದು. 2021ರ ಜೂನ್ 14, ಬುಡಾಪೆಸ್ಟ್. ಹಂಗೆರಿ ವಿರುದ್ಧದ ಯುರೋ ಪಂದ್ಯದ ಹಿಂದಿನ ದಿನದ ಪತ್ರಿಕಾಗೋಷ್ಠಿ. ಕುರ್ಚಿಯಲ್ಲಿ ಕೂತ ರೊನಾಲ್ಡೊ, ಮೈಕಿನ ಪಕ್ಕ ಪ್ರಾಯೋಜಕರು ಇಟ್ಟಿದ್ದ ಎರಡು ಕೋಕ್ ಬಾಟಲಿಗಳನ್ನು ಒಮ್ಮೆ ನೋಡಿದರು. ಬೇಡದ ಬಳುವಳಿ ಬಂದಂತೆ ಮುಖ ಮಾಡಿ, ಎರಡನ್ನೂ ಎತ್ತಿ ಕ್ಯಾಮೆರಾ ಕಣ್ಣಿನಾಚೆ ಸರಿಸಿದರು. ಆಮೇಲೆ ನೀರಿನ ಬಾಟಲಿ ಮೇಲೆತ್ತಿ, ‘ಆಗ್ವಾ’ ಎಂದರು. ಪೋರ್ಚುಗೀಸಿನಲ್ಲಿ ನೀರು. ಕೋಕಾ-ಕೋಲಾ ಕಂಪನಿಯ ಮೌಲ್ಯ 400 ಕೋಟಿ ಡಾಲರ್ ಕುಸಿಯಿತು ಎಂಬ ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಕನ್ನಡದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈಗಲೂ, ಮನುಷ್ಯನಿಗೆ ತತ್ವ ಅಂದರೆ ಹೀಗಿರಬೇಕು ಎಂಬ ಒಕ್ಕಣೆಯೊಂದಿಗೆ ಅದು ಆಗಾಗ ಎದ್ದು ಕೂರುತ್ತದೆ.

ಷೇರುಪೇಟೆ ಬಲ್ಲವರು ಅಂದೇ ತಿದ್ದಿದ್ದರು. ಆ ದಿನ ಕಂಪನಿಯ ಷೇರು ಲಾಭಾಂಶ ಕಳೆದು ವಹಿವಾಟಾಗುವ ದಿನ. ಅಂಥ ದಿನ ಬೆಲೆ ಒಂದಿಷ್ಟು ಇಳಿಯುವುದು ವಾಡಿಕೆ. ರೊನಾಲ್ಡೊ ಬಾಟಲಿ ಮುಟ್ಟುವ ಮೊದಲೇ ಬೆಲೆ ಜಾರತೊಡಗಿತ್ತು. ಇನ್ನೊಂದು ವಿಷಯ: 2006ರಲ್ಲಿ ಇದೇ ರೊನಾಲ್ಡೊ ಇದೇ ಪಾನೀಯದ ಜಾಹೀರಾತಿನಲ್ಲಿ ಕಾಣಿಸಿಕೊಂಡಿದ್ದರು. ವಿಡಿಯೊ ನೋಡಿದವರು ಕೋಟಿ, ತಿದ್ದುಪಡಿ ಓದಿದವರು ಸಾವಿರ. ಹಾಗಂತ ಆ ಕ್ಷಣ ಪೊಳ್ಳೇನಲ್ಲ. ಮರುದಿನವೇ ಫ್ರಾನ್ಸಿನ ಪಾಲ್ ಪೋಗ್ಬಾ ತಮ್ಮೆದುರಿನ ಬಿಯರ್ ಬಾಟಲಿ ಇಳಿಸಿಟ್ಟರು, ಅದರ ಮರುದಿನ ಇಟಲಿಯ ಲೊಕಟೆಲ್ಲಿ ಕೋಕ್ ಸರಿಸಿದರು. ಪ್ರಾಯೋಜಕರ ಬಾಟಲಿ ಮುಟ್ಟಬೇಡಿ ಎಂದು ತಂಡಗಳಿಗೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಹೇಳಬೇಕಾಯಿತು. ಷೇರುಪೇಟೆಯನ್ನು ಅಲ್ಲಾಡಿಸದಿದ್ದರೂ ಮೇಜಿನ ಮೇಲಿನ ಬಾಟಲಿಗಳನ್ನಂತೂ ಅಲ್ಲಾಡಿಸಿದರು.

ನಿಜವಾದ ವ್ಯಾಪಾರ ನಡೆಯುವುದು ಆಟಗಾರ ಮನೆ ಬದಲಿಸಿದಾಗ. 2022ರ ಡಿಸೆಂಬರ್ 30ರಂದು ರೊನಾಲ್ಡೊ ಸೌದಿಯ ಅಲ್ ನಸ್ರ್ ಸೇರಿದರು. ಅದಕ್ಕೆ ಮೊದಲು ಆ ಕ್ಲಬ್ಬಿಗೆ ಇನ್‌ಸ್ಟಾಗ್ರಾಂನಲ್ಲಿ ಹತ್ತು ಲಕ್ಷ ಫಾಲೋವರ್ಸ್ ಕೂಡ ಇರಲಿಲ್ಲ. ಕೆಲವೇ ವಾರಗಳಲ್ಲಿ ಕೋಟಿ ದಾಟಿತು. 2023ರ ಜೂನ್‌ನಲ್ಲಿ ಮೆಸ್ಸಿ ಅಮೆರಿಕದ ಇಂಟರ್ ಮಯಾಮಿಗೆ ಹೊರಟಾಗಲೂ ಅದೇ ಕತೆ: ಕ್ಲಬ್ಬಿನ ಸಂಖ್ಯೆ ದಿನಗಳಲ್ಲೇ ಹಲವು ಪಟ್ಟು ಏರಿತು, ಅವರು ಬಿಟ್ಟುಬಂದ ಪ್ಯಾರಿಸ್ ಕ್ಲಬ್ಬಿನಿಂದ ಲಕ್ಷಗಟ್ಟಲೆ ಜನ ಕಾಲುಕಿತ್ತರು. ಅಮೆರಿಕದವರು ಇದನ್ನು ಮೊದಲೇ ಲೆಕ್ಕ ಹಾಕಿದ್ದರು. ಅಲ್ಲಿನ ಲೀಗ್ ಪ್ರಸಾರ ಮಾಡುವ ಆ್ಯಪಲ್ ಕಂಪನಿ, ಹೊಸದಾಗಿ ಬರುವ ಚಂದಾದಾರರ ಹಣದಲ್ಲಿ ಮೆಸ್ಸಿಗೂ ಪಾಲು ಕೊಡುವ ಏರ್ಪಾಡು ಆ ಒಪ್ಪಂದದಲ್ಲಿ ಇತ್ತೆಂದು ವರದಿಯಾಯಿತು. ಹಿಂದೆ ಮಗ ಅಪ್ಪನ ಕೈಹಿಡಿದು ಕ್ರೀಡಾಂಗಣಕ್ಕೆ ಹೋಗಿ, ಅಪ್ಪನ ಕ್ಲಬ್ಬೇ ತನ್ನ ಕ್ಲಬ್ ಅನ್ನುತ್ತಿದ್ದ. ಈಗಿನ ಹುಡುಗ ಆಟಗಾರನ ಬೆನ್ನು ಹಿಡಿದು ಮೂರು ವರ್ಷಕ್ಕೊಮ್ಮೆ ಕ್ಲಬ್ ಬದಲಿಸುತ್ತಾನೆ.

ಆಡದೆಯೂ ಇದು ನಡೆಯುತ್ತದೆ. 2022ರಲ್ಲಿ ಇಂಡೊನೇಷ್ಯಾದ ಯುವ ಆಟಗಾರ ಪ್ರತಾಮಾ ಅರ್ಹಾನ್ ಜಪಾನಿನ ಟೋಕಿಯೊ ವೆರ್ಡಿ ಸೇರಿದರು. ಫುಟ್‌ಬಾಲ್ ಹುಚ್ಚಿನ ಆ ದ್ವೀಪರಾಷ್ಟ್ರದ ಜನ ಕ್ಲಬ್ಬಿನ ಖಾತೆಗೆ ಮುಗಿಬಿದ್ದು, ಸಂಖ್ಯೆ ರಾತ್ರೋರಾತ್ರಿ ಎಷ್ಟೋ ಪಟ್ಟು ಬೆಳೆಯಿತು. ಅರ್ಹಾನ್ ಅಲ್ಲಿದ್ದ ಎರಡು ಋತುಗಳಲ್ಲಿ ಲೀಗ್ ಪಂದ್ಯಕ್ಕೆ ಇಳಿದದ್ದು ಬೆರಳೆಣಿಕೆಯಷ್ಟು ಸಲ. ಮೈದಾನದಲ್ಲಿ ಬೆಂಚು, ಮೊಬೈಲಿನಲ್ಲಿ ಸಿಂಹಾಸನ.

ಕನ್ನಡ ಓದುಗರಿಗೆ ಇದು ತೀರಾ ಹೊಸದೆನಿಸಬೇಕಿಲ್ಲ. ಗಾಂಧಿನಗರದ ಚಿತ್ರಮಂದಿರಗಳ ಮುಂದೆ ಯಾರ ಕಟೌಟ್ ಎಷ್ಟು ಅಡಿ, ಯಾರದ್ದಕ್ಕೆ ಎಷ್ಟು ಹಾರ ಎಂದು ಜಗಳ ಕಂಡವರು ನಾವು. ಕಟೌಟಿನ ಎತ್ತರಕ್ಕೂ ಒಳಗಿನ ಸಿನಿಮಾಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. 2022ರ ವಿಶ್ವಕಪ್‌ಗೆ ಮುನ್ನ ಕೇರಳದ ಕೋಯಿಕ್ಕೋಡ್ ಬಳಿಯ ಪುಲ್ಲಾವೂರಿನಲ್ಲಿ ಹೊಳೆ ನಡುವಿನ ಕುದುರಿನಲ್ಲಿ ಮೆಸ್ಸಿ ಅಭಿಮಾನಿಗಳು 30 ಅಡಿಯ ಕಟೌಟ್ ನಿಲ್ಲಿಸಿದರು. ಬ್ರೆಜಿಲ್ ಬಳಗದವರು ಸುಮ್ಮನಿದ್ದಾರೆಯೇ? ಪಕ್ಕದಲ್ಲೇ 40 ಅಡಿಯ ನೆಯ್ಮಾರ್. ಕೊನೆಗೆ ಬಂದ ರೊನಾಲ್ಡೊ ಬಳಗ 50 ಅಡಿಗೆ ಏರಿಸಿತು. ಹೊಳೆನೀರಿನಲ್ಲಿ ಮೂವರ ನೆರಳೂ ತೂಗಾಡುವ ಆ ಚಿತ್ರವನ್ನು ಫಿಫಾ ಜಗತ್ತಿಗೆಲ್ಲ ಹಂಚಿತು. ಇನ್‌ಸ್ಟಾಗ್ರಾಂ ಪಟ್ಟಿ ಮೆಸ್ಸಿ-ರೊನಾಲ್ಡೊ ವಿಷಯದಲ್ಲಿ ಹೇಳುವುದನ್ನೇ ಈ ಹೊಳೆಯೂ ಹೇಳಿತು. ಛೆಟ್ರಿಗೆ ಅಲ್ಲಿ ಜಾಗವಿರಲಿಲ್ಲ. ಭಾರತವೇ ವಿಶ್ವಕಪ್‌ನಲ್ಲಿ ಇಲ್ಲದಿರುವಾಗ ಇರುವುದಾದರೂ ಹೇಗೆ?

ಇಂಟರ್‌ನೆಟ್ ಬರುವ ಮೊದಲೂ ದೂರದವರಿಗೆ ಮನಸೋಲುವ ಜಾಯಮಾನ ನಮ್ಮಲ್ಲಿತ್ತು. ಬೆಂಗಳೂರಿನ ಹಲಸೂರು ಪಕ್ಕದ ಗೌತಮಪುರದಲ್ಲಿ ಅಂಬೇಡ್ಕರ್, ಮದರ್ ತೆರೆಸಾ ಪ್ರತಿಮೆಗಳ ಜೊತೆ ಪೆಲೆಯ ಪ್ರತಿಮೆಯೂ ಇದೆ. ಆದರೆ ಗೌತಮಪುರಕ್ಕೂ ಮೊಬೈಲ್ ಪರದೆಗೂ ಒಂದು ವ್ಯತ್ಯಾಸ: ಆ ಗಲ್ಲಿಗಳ ಹುಡುಗರು ಪೆಲೆಗೆ ಕೈಮುಗಿದು ಸುಮ್ಮನೆ ಕೂರಲಿಲ್ಲ, ತಾವೂ ಚೆಂಡು ಒದೆಯುತ್ತಾ ತಲೆಮಾರುಗಟ್ಟಲೆ ರಾಜ್ಯಕ್ಕೆ, ದೇಶಕ್ಕೆ ಆಟಗಾರರನ್ನು ಕೊಟ್ಟರು.

ಭಾರತದೊಳಗೆ ಛೆಟ್ರಿ ಪಕ್ಕ ನಿಲ್ಲಿಸಬೇಕಾದ ಹೆಸರು ಆರ್‌ಸಿಬಿಯ ಕೊಹ್ಲಿಯದು. ಇಬ್ಬರೂ ಗೆಳೆಯರು; ನಿವೃತ್ತಿಯ ನಿರ್ಧಾರವನ್ನು ಜಗತ್ತಿಗೆ ಹೇಳುವ ಮೊದಲು ಛೆಟ್ರಿ ಕೊಹ್ಲಿಗೆ ಸಂದೇಶ ಕಳಿಸಿದ್ದರು. 2022ರ ಜೂನ್‌ನಲ್ಲಿ ಇನ್‌ಸ್ಟಾಗ್ರಾಂನಲ್ಲಿ 20 ಕೋಟಿ ಮುಟ್ಟಿದ ಮೊದಲ ಭಾರತೀಯ ಕೊಹ್ಲಿ. ಕ್ರೀಡಾಪಟುಗಳಲ್ಲಿ ರೊನಾಲ್ಡೊ, ಮೆಸ್ಸಿ ಬಿಟ್ಟರೆ ಅವರೇ. ಅಂಥ ಕೊಹ್ಲಿಯೂ ರೊನಾಲ್ಡೊ ಮುಂದೆ ಅಭಿಮಾನಿಯೇ: ಮೊರೊಕ್ಕೊ ಸೋಲಿನ ನಂತರ, ಯಾವ ಟ್ರೋಫಿಯೂ ನಿಮ್ಮ ಸಾಧನೆಯನ್ನು ಕುಗ್ಗಿಸದು ಎಂಬ ಅರ್ಥದ ಪೋಸ್ಟ್ ಹಾಕಿದರು. ಮೊಹಮ್ಮದ್ ಸಿರಾಜ್ ವಿಕೆಟ್ ಕಿತ್ತು, ಗಾಳಿಯಲ್ಲಿ ತಿರುಗಿ, ಎರಡೂ ಕೈ ಕೆಳಕ್ಕೆ ಚಾಚಿ ನಿಲ್ಲುವುದೂ ರೊನಾಲ್ಡೊ ವರಸೆಯೇ. 2025ರ ಆಗಸ್ಟ್ 4ರಂದು ಓವಲ್ ಟೆಸ್ಟ್‌ನ ಕೊನೆಯ ದಿನ ಬೆಳಿಗ್ಗೆ ಎದ್ದವರೇ ಅವರು ರೊನಾಲ್ಡೊ ಇರುವ, ‘ನಂಬು’ ಎಂಬರ್ಥದ ಒಂದು ಚಿತ್ರವನ್ನು ಇಳಿಸಿಕೊಂಡು ಫೋನಿಗೆ ಹಾಕಿಕೊಂಡರಂತೆ. ಭಾರತ 6 ರನ್ನಿನಿಂದ ಗೆದ್ದಿತು. ಹೈದರಾಬಾದಿನ ಬೌಲರ್ ಲಂಡನ್ನಿನಲ್ಲಿ ಕ್ರಿಕೆಟ್ ಗೆಲ್ಲಲು ಪೋರ್ಚುಗಲ್‌ನ ಫುಟ್‌ಬಾಲಿಗನ ಚಿತ್ರ ನೋಡಿಕೊಳ್ಳುತ್ತಾರೆ! ಇದನ್ನು ಬರೀ ಕಟೌಟು ಎಂದು ತಳ್ಳಿಹಾಕುವಂತಿಲ್ಲ.

ಜನಪ್ರಿಯತೆಗೆ ಒಂದು ಕೆಟ್ಟ ಮಗ್ಗುಲಿದೆ, ಅದು ದೊಡ್ಡವರಿಗೂ ಚಿಕ್ಕವರಿಗೂ ಒಂದೇ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಛೆಟ್ರಿಯವರ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್. ಹೆಚ್ಚುವರಿ ಅವಧಿಯಲ್ಲಿ ಫ್ರೀಕಿಕ್ ಸಿಕ್ಕಿತು. ಕೇರಳದವರು ಗೋಡೆ ಕಟ್ಟಿ ನಿಲ್ಲುವ ಮೊದಲೇ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿದರು. ಸೀಟಿ ಬೇಡ, ಗೋಡೆ ಬೇಡ ಎಂದು ರೆಫರಿಗೆ ಮೊದಲೇ ಹೇಳಿದ್ದೆ ಎಂಬುದು ಛೆಟ್ರಿ ಮಾತು. ಗೋಲು ನಿಂತಿತು. ಕೇರಳದ ತರಬೇತುದಾರ ಇವಾನ್ ವುಕೊಮನೊವಿಚ್ ತಂಡವನ್ನೇ ಹೊರಗೆ ಕರೆದುಕೊಂಡು ಹೋದರು; ಮುಂದೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಅವರಿಗೆ ಹತ್ತು ಪಂದ್ಯದ ನಿಷೇಧ. ಆನ್‌ಲೈನ್ ಅಭಿಮಾನಿಗಳ ಸಂಖ್ಯೆಯಲ್ಲಿ ಕೇರಳ ಬ್ಲಾಸ್ಟರ್ಸ್ ದೇಶದ ಅತಿ ದೊಡ್ಡ ಕ್ಲಬ್. ಆ ಸೇನೆಯೆಲ್ಲ ಒಂದೇ ರಾತ್ರಿ ಛೆಟ್ರಿ ಮೇಲೆ ತಿರುಗಿಬಿತ್ತು. ಐದು ವರ್ಷದ ಹಿಂದೆ ಎದುರಿಗೆ ಬಂದು ಬೈಯಿರಿ ಎಂದು ಕರೆದಿದ್ದ ಮನುಷ್ಯನಿಗೆ ಬೈಗುಳದ ಮೂಟೆಯೇ ಬಂತು, ಮತ್ತೆ ಫೋನಿನ ಹಿಂದಿನಿಂದಲೇ.

ಅದೇ ಕಂಠೀರವದಲ್ಲಿ ಮೂರೂವರೆ ತಿಂಗಳ ಬಳಿಕ, ಜೂನ್ 21ರ ರಾತ್ರಿ, ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಪಾಕಿಸ್ತಾನ ಎದುರಾಳಿ. ವೀಸಾ ಗೋಜಲಿನಿಂದಾಗಿ ಆ ತಂಡ ಬೆಂಗಳೂರಿಗೆ ಬಂದಿಳಿದದ್ದೇ ಪಂದ್ಯದ ದಿನ. ಮಳೆ ಹನಿಯುತ್ತಿತ್ತು, ಗ್ಯಾಲರಿ ಕಿಕ್ಕಿರಿದಿತ್ತು. ಹತ್ತನೇ ನಿಮಿಷದಲ್ಲಿ ಗೋಲ್‌ಕೀಪರ್ ಚೆಂಡಿನೊಂದಿಗೆ ತಡವರಿಸಿದ. ಹೊಂಚುಹಾಕಿ ನಿಂತಿದ್ದ ಛೆಟ್ರಿ ಕಸಿದು ಖಾಲಿ ಬಲೆಗೆ ತಳ್ಳಿದರು. ಆಮೇಲೆ ಎರಡು ಪೆನಾಲ್ಟಿ, ಹ್ಯಾಟ್ರಿಕ್. 2005ರಲ್ಲಿ ಕ್ವೆಟ್ಟಾದಲ್ಲಿ ಅವರು ಮೊದಲ ಅಂತರರಾಷ್ಟ್ರೀಯ ಗೋಲು ಹೊಡೆದದ್ದೂ ಇದೇ ಪಾಕಿಸ್ತಾನದ ವಿರುದ್ಧ. ಅಂದು ಕಸ್ತೂರಬಾ ರಸ್ತೆಯ ಕಡೆ ಹರಿದುಬಂದ ಕೂಗನ್ನು ಯಾವ ಆ್ಯಪೂ ಎಣಿಸಲಿಲ್ಲ.

ರೊನಾಲ್ಡೊ ಒಂದು ಮಾತಿಗೆ 65 ಕೋಟಿ ಫೋನುಗಳನ್ನು ತಲುಪಬಲ್ಲರು. ಆದರೆ ಜನರನ್ನು ಮೈದಾನಕ್ಕೆ ಕರೆಯಬೇಕಾದ ಪ್ರಮೇಯ ಅವರಿಗೆ ಎಂದೂ ಬಂದಿಲ್ಲ. ಛೆಟ್ರಿಗೆ ಬಂತು; ಆಮೇಲೆ ಆಟದ ಪರವಾಗಿ ಇನ್ನೊಮ್ಮೆ ದನಿಯೆತ್ತುವ ಪ್ರಮೇಯವೂ ಬಂತು. ನಿವೃತ್ತಿ ಮುರಿದು 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ 95ನೇ ಗೋಲು ಹೊಡೆದು ನಾಲ್ಕೇ ತಿಂಗಳಾಗಿತ್ತು. ವಾಣಿಜ್ಯ ಹಕ್ಕುಗಳ ಒಪ್ಪಂದ ಮುಂದುವರಿಯದೆ ಐಎಸ್‌ಎಲ್ ಅನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಸಂಬಳ ನಿಲ್ಲಿಸಿತು. ಅದಕ್ಕೂ ಮೊದಲೇ, ಜುಲೈನಲ್ಲಿ, ಛೆಟ್ರಿ ಮತ್ತೆ ಸಾಮಾಜಿಕ ಜಾಲತಾಣದಲ್ಲಿ ಬರೆದಿದ್ದರು. ತನ್ನೊಬ್ಬನ ಚಿಂತೆಯಲ್ಲ, ಆಟಗಾರರು, ಸಿಬ್ಬಂದಿ, ಫಿಸಿಯೊಗಳು, ಮಾಲೀಷು ಮಾಡುವವರು, ಈ ಆಟವನ್ನು ನೆಚ್ಚಿಕೊಂಡ ಎಲ್ಲರಿಗೂ ಆತಂಕವಾಗಿದೆ ಎಂದು. ಈ ಸಲ ಅದು ವರ್ಷದ ಮೆಚ್ಚಿನ ಪೋಸ್ಟ್ ಆಗಲಿಲ್ಲ.

ಲೀಗ್ ಇಲ್ಲದ ಆ ದಿನಗಳಲ್ಲೇ, ಅಕ್ಟೋಬರ್ 22ರಂದು, ಅಲ್ ನಸ್ರ್ ತಂಡ ಏಷ್ಯಾದ ಕ್ಲಬ್ ಟೂರ್ನಿಯ ಪಂದ್ಯಕ್ಕೆ ಗೋವಾಕ್ಕೆ ಬಂತು. ಕಾರವಾರದಿಂದ ಎರಡು ಗಂಟೆಯ ಹಾದಿಯ ಮಡಗಾಂವ್, ಫತೋರ್ಡಾ ಕ್ರೀಡಾಂಗಣ. ರೊನಾಲ್ಡೊ ಬರುತ್ತಾರೆಂಬ ಆಸೆಯಲ್ಲಿ ವಾರಗಳ ಹಿಂದೆಯೇ ಗದ್ದಲವೆದ್ದಿತ್ತು. ಅವರು ವಿಮಾನವನ್ನೇ ಹತ್ತಲಿಲ್ಲ. ಎಫ್‌ಸಿ ಗೋವಾ 1–2ರಿಂದ ಸೋತಿತು. ಗೋವಾದವರೇ ಆದ ಬ್ರೈಸನ್ ಫರ್ನಾಂಡಿಸ್ ಆ ಒಂದು ಗೋಲು ಹೊಡೆದಾಗ ಗ್ಯಾಲರಿ ಎದ್ದು ಕುಣಿಯಿತು. ನಡುವೆ ಅಭಿಮಾನಿಯೊಬ್ಬ ಕಾವಲು ದಾಟಿ ಮೈದಾನಕ್ಕೆ ನುಗ್ಗಿದ. ಓಡಿದ್ದು ಬ್ರೈಸನ್ ಕಡೆಗಲ್ಲ. ಅಲ್ ನಸ್ರ್‌ನ ಇನ್ನೊಬ್ಬ ಪೋರ್ಚುಗೀಸ್ ಆಟಗಾರ ಜೊವಾವ್ ಫೆಲಿಕ್ಸ್ ಪಕ್ಕ ನಿಂತು, ಕೈಚಾಚಿ ಫೋನ್ ಎತ್ತಿ, ಸೆಲ್ಫಿ ತೆಗೆದುಕೊಂಡ.